ಬಣ್ಣ ನೋಡಿ ಬೆಲ್ಲ ಕೊಂಡವರು: ಮಂಡ್ಯ ಸೀಮೆಯ ಒಂದು ಆಲೆಮನೆಯ ಪ್ರಕರಣ

ಇದು ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಎರಡು ಹಂಗಾಮು ನಡೆದ ಸಂಗತಿ. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಹೇಳುವುದಿಲ್ಲ. ಆಲೆಮನೆಯ ಮಾಲೀಕರನ್ನು ಯಜಮಾನರು ಎಂದು ಕರೆಯುತ್ತೇನೆ. ಕೊಪ್ಪರಿಗೆ ಮುಂದೆ ನಿಂತು ಪಾಕದ ಹದ ನೋಡುವ ಹಿರಿಯರನ್ನು ಅಜ್ಜ ಎನ್ನುತ್ತೇನೆ. ನಾನು ಅಲ್ಲಿಗೆ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ನಮ್ಮ ಶಾಲೆಯ ಕೆಲವು ಮಕ್ಕಳೂ ಇದರಲ್ಲಿ ಸೇರಿದ್ದರು.

ಬೆಲ್ಲ ಮಾಡುವವರಿಗೆ ಮಾತ್ರ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿಲ್ಲ. ಕಣ್ಣಿಗೆ ಕಂಡದ್ದನ್ನೇ ಸಾಕ್ಷಿ ಅಂತ ನಂಬಿ ನಾವೆಲ್ಲ ಎಷ್ಟು ಸಲ ತೀರ್ಮಾನ ಮಾಡುತ್ತೇವೆ, ಅದರ ಬೆಲೆಯನ್ನು ಯಾರು ಕಟ್ಟುತ್ತಾರೆ ಅನ್ನುವುದು ನನಗೆ ಇಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ಕಂಡಿಲ್ಲ.

ಹಿನ್ನೆಲೆ

ಕೆಆರ್‌ಎಸ್ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಕಾಲುವೆ ನೀರು ಬಂದ ಮೇಲೆ ಈ ಸೀಮೆಯ ಬೆಳೆಯೇ ಬದಲಾಯಿತು. ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನೀರಾವರಿ ಬೆಳೆಗಳ ಮೇಲೆ ಪ್ರಯೋಗ ಮಾಡಲು ವಿ.ಸಿ. ಫಾರಂ ಬಂತು. ವಿ.ಸಿ. ಅಂದರೆ ವಿಶ್ವೇಶ್ವರಯ್ಯ ಕಾಲುವೆ. ಫಾರಂಗೆ ಕಾಲುವೆಯ ಹೆಸರೇ ನಿಂತಿತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಬರುತ್ತದೆ. ಕಾರ್ಖಾನೆ ತಡ ಮಾಡಿದ ವರ್ಷ ಇನ್ನೂ ಜಾಸ್ತಿ ಬರುತ್ತದೆ.

ಬೆಲ್ಲದ ಕೆಲಸ ನೋಡಲು ಸುಲಭ. ಗಾಣದಲ್ಲಿ ಕಬ್ಬು ಅರೆದು, ರಸ ಸೋಸಿ, ಕೊಪ್ಪರಿಗೆಗೆ ಬಿಡುತ್ತಾರೆ. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯೇ ರಚ್ಚು, ಅದನ್ನೇ ಒಣಗಿಸಿ ಒಲೆಗೆ ಹಾಕುತ್ತಾರೆ. ರಸ ಕಾಯುವಾಗ ಸ್ವಲ್ಪ ಸುಣ್ಣದ ತಿಳಿ ಹಾಕುತ್ತಾರೆ. ಬೆಂಡೆ ಗಿಡವನ್ನು ಜಜ್ಜಿ ತೆಗೆದ ಲೋಳೆ ಹಾಕಿದರೆ ಕೊಳೆಯೆಲ್ಲ ಕಟ್ಟಿಕೊಂಡು ಮೇಲೆ ಬರುತ್ತದೆ. ಆ ಮಡ್ಡಿಯನ್ನು ತೆಗೆದುಹಾಕುತ್ತಾರೆ. ಪಾಕ ಸುಮಾರು 118 ಡಿಗ್ರಿ ಮುಟ್ಟಿದಾಗ ಹದ ಬರುತ್ತದೆ. ಒಂದು ಟನ್ ಕಬ್ಬಿಗೆ ಹೆಚ್ಚು ಕಡಿಮೆ 100 ಕೆಜಿ ಬೆಲ್ಲ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಟ್ಟು ಹೀಗೆ ನಾನಾ ರೂಪದಲ್ಲಿ ಮಂಡಿಗೆ ಹೋಗುತ್ತದೆ.

ಇದರ ನಡುವೆ ಒಂದು ಬಿಳಿ ಪುಡಿಯೂ ಬೀಳುತ್ತದೆ. ಆಲೆಮನೆಯಲ್ಲಿ ಅದನ್ನು ಹೈಡ್ರೋಸ್ ಅನ್ನುತ್ತಾರೆ. ರಸಾಯನಶಾಸ್ತ್ರದಲ್ಲಿ ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲಿ ಬಳಸುವ ವಸ್ತು. ಒಂದು ಹಿಡಿ ಹಾಕಿದರೆ ಕಂದು ಪಾಕ ಕ್ಷಣದಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ 70 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 70 ಪಾಲು, ಮೀರಬಾರದು ಅಂತ ಆಹಾರದ ನಿಯಮ ಹೇಳುತ್ತದೆ. ಆದರೆ ಹಿಡಿಗೆ ತೂಕ ಇಲ್ಲವಲ್ಲ. ಅಜ್ಜನ ಹಿಡಿ ಬೇರೆ, ಅವರ ಮಗನ ಹಿಡಿ ಬೇರೆ.

ತೊಂದರೆ

ಯಜಮಾನರು ಒಂದು ಸಂಜೆ ಶಾಲೆಗೆ ಬಂದರು. ಮೈಸೂರಿನ ಒಬ್ಬ ಅಂಗಡಿಯವರು ಕೆಮಿಕಲ್ ಇಲ್ಲದ ಬೆಲ್ಲ ಕೇಳಿದ್ದರಂತೆ. ಬೆಲೆಯೂ ಜಾಸ್ತಿ ಕೊಡುತ್ತಾರಂತೆ. ಅದರ ಜೊತೆಗೆ ಅಜ್ಜನಿಗೆ ಕೆಮ್ಮು ಹತ್ತಿಕೊಂಡಿತ್ತು. ಹೈಡ್ರೋಸ್ ಹಾಕಿದಾಗ ಏಳುವ ಘಾಟೇ ಕಾರಣ ಅಂತ ಮನೆಯವರ ಮಾತು.

"ಬಿಟ್ಬಿಡೋಣ ಅಂತ ಬಿಟ್ಟು ನೋಡ್ದೆ ಮೇಷ್ಟ್ರೇ. ಬೆಲ್ಲ ಕರ್ರಗೆ ಬಂತು. ಮೆತ್ತಗೂ ಆಯ್ತು, ಸರಿಯಾಗಿ ಕಟ್ಟಲೇ ಇಲ್ಲ. ಮಂಡೀಲಿ ದಲ್ಲಾಳಿ ಮುಟ್ಲಿಲ್ಲ. ಹೈಡ್ರೋಸ್ ಇಲ್ದೆ ಈ ಕಸುಬು ಆಗಲ್ಲ ಅಂತ ಕಾಣುತ್ತೆ."

ಕೆಮ್ಮಿನ ವಿಷಯದಲ್ಲಿ ನಾನು ಏನೂ ಹೇಳಲಿಲ್ಲ. ಗಂಧಕದ ಅನಿಲ ಉಸಿರಾಟಕ್ಕೆ ತೊಂದರೆ ಕೊಡುತ್ತದೆ, ಆಸ್ತಮಾ ಇರುವವರಿಗೆ ಇನ್ನೂ ಜಾಸ್ತಿ. ಅದು ಗೊತ್ತಿರುವ ವಿಷಯ. ಆದರೆ ಅಜ್ಜ ನಲವತ್ತು ವರ್ಷ ರಚ್ಚಿನ ಹೊಗೆಯನ್ನೂ ಕುಡಿದವರು. ಅವರ ಕೆಮ್ಮಿಗೆ ಯಾವುದು ಕಾರಣ ಅಂತ ಮೇಷ್ಟ್ರು ಹೇಳಬಾರದು, ಡಾಕ್ಟರು ನೋಡಬೇಕು ಅಂದೆ. ತೋರಿಸಿದರು.

ಬೆಲ್ಲ ಯಾಕೆ ಕಪ್ಪಾಯಿತು ಅನ್ನುವುದು ಮಾತ್ರ ನಾವು ನೋಡಬಹುದಾದ ಪ್ರಶ್ನೆಯಾಗಿತ್ತು. ಆ ದಿನ ಏನೇನು ಮಾಡಿದಿರಿ ಅಂತ ಕೇಳಿದೆ. ಮೊದಲು "ಹೈಡ್ರೋಸ್ ಹಾಕ್ಲಿಲ್ಲ, ಅಷ್ಟೇ" ಅಂದರು. ಬಿಡಿಸಿ ಕೇಳಿದಾಗ ಬೇರೆ ವಿಷಯಗಳು ಹೊರಬಂದವು. ಆ ವಾರ ಕರೆಂಟ್ ಕೈಕೊಟ್ಟಿತ್ತು, ಕಡಿದ ಕಬ್ಬು ಮೂರು ದಿನ ಬಿದ್ದಿತ್ತು. ಹೈಡ್ರೋಸ್ ಇಲ್ಲವಲ್ಲ ಅಂತ ಭಯಪಟ್ಟು ಸುಣ್ಣವನ್ನು ಎಂದಿಗಿಂತ ಜಾಸ್ತಿ ಹಾಕಿದ್ದರು.

ಕಡಿದಿಟ್ಟ ಕಬ್ಬಿನಲ್ಲಿ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅದು ಜಾಸ್ತಿಯಾದರೆ ಬೆಲ್ಲ ಕಟ್ಟುವುದಿಲ್ಲ, ಕುದಿಸಿದಾಗ ಬೇಗ ಕಂದಾಗುತ್ತದೆ. ಸುಣ್ಣ ಮಿತಿ ಮೀರಿದರೂ ಬಣ್ಣ ಕಪ್ಪಾಗುತ್ತದೆ. ಅಂದರೆ ಒಂದೇ ದಿನ ಮೂರು ವಿಷಯ ಬದಲಾಗಿದ್ದವು. ತಪ್ಪನ್ನು ಮಾತ್ರ ಒಂದರ ಮೇಲೆ ಹೊರಿಸಿದ್ದರು.

ಇದನ್ನು ಹೇಳಿದಾಗ ಯಜಮಾನರ ಮುಖ ಸ್ವಲ್ಪ ಗಂಟಾಯಿತು. "ಹಂಗಾರೆ ನೀವೇ ಬಂದು ಮಾಡಿಸಿ" ಅಂದರು. ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋದದ್ದು ಆ ಮಾತಿನಿಂದಲೇ.

ಒಂದೊಂದನ್ನೇ ಬದಲಿಸಿ ನೋಡಿದ್ದು

ನಿಯಮ ಸರಳವಾಗಿತ್ತು. ಒಂದೇ ಗದ್ದೆಯ ಕಬ್ಬು. ಒಂದೇ ದಿನ ಕಡಿದದ್ದು. ಎರಡು ಪಾಲು. ಎರಡಕ್ಕೂ ಎಲ್ಲವೂ ಒಂದೇ, ಒಂದು ವಿಷಯ ಮಾತ್ರ ಬೇರೆ. ಮಕ್ಕಳು ನೋಟ್‌ಬುಕ್ಕಿನಲ್ಲಿ ಗಂಟೆ, ಸುಣ್ಣದ ಅಳತೆ, ಉಷ್ಣಾಂಶ ಎಲ್ಲ ಬರೆಯುತ್ತಿದ್ದರು. ಹೈಡ್ರೋಸನ್ನು ಮಕ್ಕಳು ಮುಟ್ಟುವಂತಿರಲಿಲ್ಲ.

ಅಜ್ಜನಿಗೆ ಮೊದಲ ದಿನ ಇಷ್ಟವಾಗಲಿಲ್ಲ. ಥರ್ಮಾಮೀಟರ್ ನೋಡಿ ಮುಖ ತಿರುಗಿಸಿದರು. ಅವರದು ಬೇರೆ ಲೆಕ್ಕ. ಪಾಕದ ಗುಳ್ಳೆಯ ಸದ್ದು ಕೇಳುತ್ತಾರೆ, ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುತ್ತಾರೆ. ಅವರು "ಇಳಿಸ್ರೋ" ಅಂದ ಕ್ಷಣದಲ್ಲಿ ಮಕ್ಕಳು ಥರ್ಮಾಮೀಟರ್ ಓದಬೇಕು ಅಂತ ಮಾಡಿದೆವು. ಆರು ಸಲವೂ 117ರಿಂದ 119ರ ಒಳಗೇ ಇತ್ತು. ಹುಡುಗರು ಬಾಯಿ ಬಿಟ್ಟು ನೋಡಿದರು. ಆ ಮೇಲೆ ಅಜ್ಜನೇ "ಎಷ್ಟೈತೆ ನೋಡ್ರೋ" ಅಂತ ಕೇಳಲು ಶುರು ಮಾಡಿದರು.

ಫಲಿತಾಂಶ ಹೀಗಿತ್ತು. ಬೆಳಗ್ಗೆ ಕಡಿದು ಅದೇ ದಿನ ಅರೆದ ಕಬ್ಬಿಗೆ ಹೈಡ್ರೋಸ್ ಹಾಕದಿದ್ದರೂ ಬೆಲ್ಲ ಕಪ್ಪಾಗಲಿಲ್ಲ. ಜೇನಿನ ಬಣ್ಣಕ್ಕೆ ಬಂತು, ಗಟ್ಟಿಯಾಗಿ ಕಟ್ಟಿತು. ಮೂರು ದಿನ ಇಟ್ಟ ಕಬ್ಬು ಹೈಡ್ರೋಸ್ ಇಲ್ಲದೆ ಕಪ್ಪಾಯಿತು, ಮೆತ್ತಗೂ ಆಯಿತು. ಅದೇ ಹಳೆ ಕಬ್ಬಿಗೆ ಹೈಡ್ರೋಸ್ ಹಾಕಿದರೆ ಬಣ್ಣ ಚೆನ್ನಾಗಿ ಬಂತು, ಆದರೆ ಮೆತ್ತಗೇ ಉಳಿಯಿತು. ತಾಜಾ ಕಬ್ಬಿಗೆ ಸುಣ್ಣ ಜಾಸ್ತಿ ಹಾಕಿದಾಗಲೂ ಕಪ್ಪೇ. ಬೆಂಡೆ ಲೋಳೆಯನ್ನು ರಸ ಕುದಿಯುವ ಮೊದಲೇ ಹಾಕಿ, ಮಡ್ಡಿಯನ್ನು ತಾಳ್ಮೆಯಿಂದ ತೆಗೆದ ದಿನ ಬಣ್ಣ ಎಲ್ಲಕ್ಕಿಂತ ಚೆನ್ನಾಗಿತ್ತು.

ಹಾಗಾದರೆ ಹೈಡ್ರೋಸ್ ಮಾಡುತ್ತಿದ್ದ ಕೆಲಸ ಏನು? ಹಳೆ ಕಬ್ಬನ್ನು, ಅವಸರವನ್ನು, ಸರಿಯಾಗಿ ತೆಗೆಯದ ಮಡ್ಡಿಯನ್ನು ಮುಚ್ಚಿಡುತ್ತಿತ್ತು. ಮಂಡಿಯಲ್ಲಿ ಬಣ್ಣಕ್ಕೆ ಬೆಲೆ ಇರುವವರೆಗೆ ಮುಚ್ಚಿಡುವುದಕ್ಕೂ ಬೆಲೆ ಇರುತ್ತದೆ.

ಒಂದು ಪಾಲು ಮಾತ್ರ ನಮ್ಮ ಲೆಕ್ಕಕ್ಕೆ ಸಿಗಲಿಲ್ಲ. ಕಬ್ಬು ತಾಜಾ, ಸುಣ್ಣ ಸರಿ, ಆದರೂ ಬೆಲ್ಲ ಕಪ್ಪು, ನಾಲಿಗೆಗೆ ಸ್ವಲ್ಪ ಉಪ್ಪು. ಎರಡು ದಿನ ನೋಟ್‌ಬುಕ್ ತಿರುವಿ ಹಾಕಿದೆವು. ಕೊನೆಗೆ ಅಜ್ಜ ಬೀಡಿ ಆರಿಸಿ ಹೇಳಿದರು: "ಅದು ಕಾಲುವೆ ಕೊನೇ ಗದ್ದೆ ಕಬ್ಬು ಕಣಪ್ಪ. ಅಲ್ಲಿ ನೀರು ನಿಂತು ನಿಂತು ಚೌಳು ಎದ್ದೈತೆ. ಆ ಗದ್ದೆ ಬೆಲ್ಲ ಯಾವತ್ತೂ ಹಂಗೇ."

ಯಾವತ್ತೂ ಹಂಗೇ! ಯಜಮಾನರು ಅವರ ಮುಖ ನೋಡಿದರು. "ಮತ್ತೆ ಹೇಳಲೇ ಇಲ್ವಲ್ಲ?" ಅಂದರು. "ಕೇಳಿದ್ರಾ?" ಅಂದರು ಅಜ್ಜ. ಚೌಳು ಮಣ್ಣಿನ ಕಬ್ಬಿನಲ್ಲಿ ಲವಣ ಜಾಸ್ತಿ, ಅದು ಬೆಲ್ಲದ ಬಣ್ಣ ಮತ್ತು ರುಚಿ ಎರಡನ್ನೂ ಕೆಡಿಸುತ್ತದೆ. ಪುಸ್ತಕದಲ್ಲಿ ಇದೆ. ಆದರೆ ಯಾವ ಗದ್ದೆ ಅನ್ನುವುದು ಪುಸ್ತಕದಲ್ಲಿ ಇರಲಿಲ್ಲ. ಪ್ರಯೋಗ ಶುರು ಮಾಡುವ ಮೊದಲೇ ಅಜ್ಜನ ಹತ್ತಿರ ಕೂತು ಮಾತಾಡಬೇಕಿತ್ತು. ಅದನ್ನು ನಾನು ಮಾಡಲಿಲ್ಲ. ಆ ತಪ್ಪಿನಿಂದ ಒಂದು ಟನ್ ಕಬ್ಬು ಹೋಯಿತು.

ಐಯೋಡಿನ್ ಮತ್ತು ದಲ್ಲಾಳಿಯ ನಾಲಿಗೆ

ಬೆಲ್ಲದಲ್ಲಿ ಹೈಡ್ರೋಸ್ ಇದೆಯೇ ಅಂತ ಮನೆಯಲ್ಲೇ ಗೊತ್ತುಮಾಡಬಹುದಾ? ಮಕ್ಕಳು ಒಂದು ಉಪಾಯ ಹುಡುಕಿದರು. ಗಂಜಿ ನೀರಿಗೆ ಒಂದು ತೊಟ್ಟು ಐಯೋಡಿನ್ ಹಾಕಿದರೆ ನೀಲಿ ಆಗುತ್ತದೆ. ಹೈಡ್ರೋಸಿನಿಂದ ಉಳಿಯುವ ಸಲ್ಫೈಟ್ ಇರುವ ಬೆಲ್ಲದ ನೀರು ಬಿದ್ದರೆ ಆ ನೀಲಿ ಮಾಯ. ಹೊಂಬಣ್ಣದ ಬೆಲ್ಲದ ನೀರು ಹಾಕಿದರು. ಮಾಯವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೈಡ್ರೋಸ್ ಹಾಕದ ಬೆಲ್ಲವನ್ನೂ ಹಾಕಿ ನೋಡಿ ಅಂದೆ. ತೊಟ್ಟುಗಳು ಜಾಸ್ತಿ ಬೇಕಾದವು, ಆದರೆ ಅಲ್ಲೂ ನೀಲಿ ಮಾಸಿತು. ಬೆಲ್ಲದಲ್ಲಿ ಸಹಜವಾಗಿಯೇ ಐಯೋಡಿನ್ ಜೊತೆ ಸೇರುವ ಬೇರೆ ವಸ್ತುಗಳೂ ಇರುತ್ತವೆ. ಮೊದಲನೆಯದನ್ನು ಮಾತ್ರ ನೋಡಿ ವಿಡಿಯೋ ಮಾಡಿ ಬಿಟ್ಟಿದ್ದರೆ ಎಷ್ಟು ಆಲೆಮನೆಗಳಿಗೆ ಕೆಟ್ಟ ಹೆಸರು ಬರುತ್ತಿತ್ತೋ. ವಾಟ್ಸಾಪಿನಲ್ಲಿ ಓಡಾಡುವ ಕಲಬೆರಕೆ ಪರೀಕ್ಷೆಗಳಲ್ಲಿ ಬಹಳಷ್ಟಕ್ಕೆ ಈ ಎರಡನೇ ಲೋಟವೇ ಇರುವುದಿಲ್ಲ.

ಯಜಮಾನರಿಗೆ ಗೊತ್ತಿದ್ದ ಒಬ್ಬ ದಲ್ಲಾಳಿ ಬಂದಿದ್ದರು. "ನಾಲಿಗೆ ಮೇಲೆ ಇಟ್ರೆ ಸಾಕು, ಹೈಡ್ರೋಸ್ ಇದ್ಯೋ ಇಲ್ವೋ ಹೇಳ್ತೀನಿ" ಅಂದರು. ಪರೀಕ್ಷೆ ಮಾಡಿ ನೋಡೋಣವಾ ಅಂದೆ. ಸಂತೋಷದಿಂದ ಒಪ್ಪಿಕೊಂಡರು, ಅದಕ್ಕೆ ಅವರಿಗೆ ಇವತ್ತೂ ಕೃತಜ್ಞನಾಗಿದ್ದೇನೆ.

ಇಂಥ ಪರೀಕ್ಷೆಗೆ ಒಂದು ಹಳೆಯ ಮಾದರಿ ಇದೆ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಷರ್ ಅನ್ನುವ ಸಂಖ್ಯಾಶಾಸ್ತ್ರಜ್ಞರಿದ್ದರು. ಕಪ್ಪಿಗೆ ಮೊದಲು ಹಾಲು ಬಿತ್ತೋ ಚಹಾ ಬಿತ್ತೋ ರುಚಿಯಲ್ಲೇ ಹೇಳುತ್ತೇನೆ ಅಂದ ಒಬ್ಬ ಮಹಿಳೆಯ ಮಾತನ್ನು ಅವರು ಹೇಗೆ ಪರೀಕ್ಷಿಸಬೇಕು ಅಂತ ಯೋಚಿಸಿದರು. ಎಂಟು ಕಪ್, ನಾಲ್ಕು ಈ ಥರ, ನಾಲ್ಕು ಆ ಥರ, ಕ್ರಮ ಕಲಸಿಬಿಟ್ಟದ್ದು. ನಾವು ಎಂಟು ತುಂಡು ಬೆಲ್ಲ ಇಟ್ಟೆವು. ಬಣ್ಣ ಕಾಣಬಾರದು ಅಂತ ದಲ್ಲಾಳಿಯವರ ಕಣ್ಣಿಗೆ ಟವೆಲ್ ಕಟ್ಟಿದೆವು.

ಹೈಡ್ರೋಸ್ ಇದ್ದ ನಾಲ್ಕರಲ್ಲಿ ಮೂರನ್ನು ಸರಿಯಾಗಿ ಹೇಳಿದರು. "ನೂರಕ್ಕೆ ಎಪ್ಪತ್ತೈದು ಸಾರ್!" ಅಂತ ಒಬ್ಬ ಹುಡುಗಿ ಕೂಗಿದಳು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಸುಮ್ನೆ ಕಣ್ಣುಮುಚ್ಚಿ ಆರಿಸಿದರೂ 17 ದಾರಿಗಳಲ್ಲಿ ಮೂರೋ ನಾಲ್ಕೋ ಸರಿಯಾಗುತ್ತವೆ. ಅಂದರೆ ಏನೂ ಗೊತ್ತಿಲ್ಲದವನಿಗೂ ಹೆಚ್ಚು ಕಡಿಮೆ ನಾಲ್ಕಕ್ಕೆ ಒಂದು ಸಲ ಇಷ್ಟು ಸಿಗುತ್ತದೆ. ನಾಲ್ಕೂ ಸರಿಯಾಗಿದ್ದರೆ 70ಕ್ಕೆ ಒಂದು, ಅದು ಬೇರೆ ಮಾತು. ಮಕ್ಕಳು ಬೋರ್ಡಿನ ಮೇಲೆ ಎಲ್ಲ 70 ಬರೆದು ಎಣಿಸಿ ನೋಡಿದರು. ಇದರಿಂದ ದಲ್ಲಾಳಿಯವರಿಗೆ ಗೊತ್ತಾಗುವುದಿಲ್ಲ ಅಂತಲೂ ಸಾಬೀತಾಗಲಿಲ್ಲ. ಗೊತ್ತಾಗುತ್ತದೆ ಅನ್ನಲು ಇದು ಸಾಲದು, ಅಷ್ಟೇ. ಇನ್ನೊಂದು ಸಲ ಬರುತ್ತೇನೆ ಅಂದರು. ಹಂಗಾಮು ಬಂದು ಬಿಡುವಾಗಲಿಲ್ಲ.

ಇಡೀ ಪ್ರಕರಣ ತಿರುಗಿದ ದಿನ

ಇಷ್ಟೆಲ್ಲ ಆದಮೇಲೆ ಯಜಮಾನರಿಗೆ ಧೈರ್ಯ ಬಂತು. ತಾಜಾ ಕಬ್ಬಿನ, ಹೈಡ್ರೋಸ್ ಇಲ್ಲದ ಬೆಲ್ಲ ಮಾಡಿ ಮೈಸೂರಿನ ಆ ಅಂಗಡಿಗೆ ಒಯ್ದರು. ಅಂಗಡಿಯವರು ನೋಡಿ ತಲೆ ಅಲ್ಲಾಡಿಸಿದರು. "ಇದಕ್ಕೆ ಕೆಮಿಕಲ್ ಹಾಕಿದೀರ. ನ್ಯಾಚುರಲ್ ಬೆಲ್ಲ ಇಷ್ಟು ಬೆಳ್ಳಗಿರಲ್ಲ."

ಮಂಡಿಗೆ ಅದು ಸಾಕಷ್ಟು ಬೆಳ್ಳಗಿಲ್ಲ. ಅಂಗಡಿಗೆ ಅದು ಸಾಕಷ್ಟು ಕಪ್ಪಗಿಲ್ಲ. ಅವತ್ತು ರಾತ್ರಿ ಯಜಮಾನರು ಫೋನ್ ಮಾಡಿದಾಗ ಅವರ ದನಿ ಕೇಳಿ ನನಗೆ ಸಂಕಟವಾಯಿತು.

ಆಗ ನನಗೆ ಹಿಂದಿನ ಹಂಗಾಮಿನ ಬೆಲ್ಲ ನೆನಪಾಯಿತು. ಶಾಲೆಯ ಲ್ಯಾಬಿನ ಬೀರುವಿನಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಒಂದು ಅಚ್ಚು ಇತ್ತು. ಇಟ್ಟಾಗ ಹೊಂಬಣ್ಣ, ಹೈಡ್ರೋಸ್ ಚೆನ್ನಾಗಿಯೇ ಬಿದ್ದದ್ದು. ಬಿಚ್ಚಿ ನೋಡಿದರೆ ಕಾಫಿಪುಡಿಯ ಹಾಗೆ ಕಪ್ಪಾಗಿತ್ತು. ಹೈಡ್ರೋಸ್ ಬಣ್ಣ ಕೊಡುವ ವಸ್ತುವನ್ನು ತೆಗೆದುಹಾಕುವುದಿಲ್ಲ. ಅದನ್ನು ಬಣ್ಣ ಕಾಣದ ಹಾಗೆ ಬದಲಿಸುತ್ತದೆ, ಅಷ್ಟೇ. ಗಾಳಿ, ತೇವ ತಾಗುತ್ತಾ ಹೋದಂತೆ ಬಣ್ಣ ವಾಪಸ್ ಬರುತ್ತದೆ.

ಮೈಸೂರಿನ ಒಂದು ಭಾನುವಾರದ ಸಾವಯವ ಸಂತೆಗೆ ನಾಲ್ಕು ತಟ್ಟೆ ಒಯ್ದೆವು. ಒಂದು, ಹೊಸದಾಗಿ ಮಾಡಿದ ಹೈಡ್ರೋಸ್ ಬೆಲ್ಲ, ಹೊಂಬಣ್ಣ. ಎರಡು, ತಾಜಾ ಕಬ್ಬಿನ ಹೈಡ್ರೋಸ್ ಇಲ್ಲದ್ದು, ಜೇನುಬಣ್ಣ. ಮೂರು, ಹಳೆ ಕಬ್ಬಿನ ಹೈಡ್ರೋಸ್ ಇಲ್ಲದ್ದು, ಕಪ್ಪು. ನಾಲ್ಕು, ಬೀರುವಿನ ಅಚ್ಚು, ಎಲ್ಲಕ್ಕಿಂತ ಕಪ್ಪು. ತಟ್ಟೆಗಳಿಗೆ ಗುರುತು ಹಾಕಿದ ಹುಡುಗ ಸಂತೆಗೆ ಬರಲಿಲ್ಲ. ಕೇಳುವವರ ಕಣ್ಣು, ದನಿ ಉತ್ತರವನ್ನು ಬಿಟ್ಟುಕೊಡಬಾರದು ಅಂತ. ಯಾರಿಗೂ ತಿನ್ನಲು ಕೊಡಲಿಲ್ಲ, ನೋಡಿ ಹೇಳಿ ಅಂದೆವು.

31 ಜನ ನಿಂತು ಉತ್ತರ ಕೊಟ್ಟರು. ಯಾವುದರಲ್ಲಿ ಕೆಮಿಕಲ್ ಇಲ್ಲ? 15 ಜನ ಬೀರುವಿನ ಅಚ್ಚನ್ನು ತೋರಿಸಿದರು. 9 ಜನ ಹಳೆ ಕಬ್ಬಿನ ಕಪ್ಪು ಬೆಲ್ಲವನ್ನು. ಜೇನುಬಣ್ಣದ್ದನ್ನು ಆರಿಸಿದವರು 5. ಹೊಂಬಣ್ಣಕ್ಕೆ 2.

ಸಾವಯವ ಸಂತೆಗೆ ಬರುವ 31 ಜನರನ್ನು ನೋಡಿ ಇಡೀ ಮೈಸೂರು ಹೀಗೇ ಅಂತ ಹೇಳಲಾಗದು. ಅವರು ಆರೋಗ್ಯದ ಬಗ್ಗೆ ಯೋಚಿಸುವವರು, ದುಡ್ಡು ಜಾಸ್ತಿ ಕೊಡಲು ತಯಾರಿರುವವರು. ಅದಕ್ಕೇ ನನಗೆ ಈ ಉತ್ತರ ಅಷ್ಟು ಮುಖ್ಯವಾಗಿ ಕಂಡದ್ದು. ಮಂಡಿಯವರನ್ನು ದೂರುವುದು ಸುಲಭ. ಆದರೆ ಇಲ್ಲೂ ಕಣ್ಣೇ ತೀರ್ಪು ಕೊಡುತ್ತಿತ್ತು, ದಿಕ್ಕು ಮಾತ್ರ ಉಲ್ಟಾ. ಹಳೆ ಕಬ್ಬಿನ ಕೆಟ್ಟ ಬೆಲ್ಲಕ್ಕೂ ಹಳಸಿದ ಹೈಡ್ರೋಸ್ ಬೆಲ್ಲಕ್ಕೂ ಅಲ್ಲಿ ಒಳ್ಳೆ ಬೆಲೆ ಸಿಗುತ್ತಿತ್ತು. ಕಷ್ಟಪಟ್ಟು ಸರಿಯಾಗಿ ಮಾಡಿದ ಬೆಲ್ಲಕ್ಕೆ ಎರಡೂ ಕಡೆ ಜಾಗ ಇರಲಿಲ್ಲ.

ನಾಲ್ಕನ್ನೂ ಪರೀಕ್ಷಾಲಯಕ್ಕೆ ಕಳಿಸಿದೆವು. ಖರ್ಚನ್ನು ಯಜಮಾನರೇ ಕೊಟ್ಟರು. ಹೊಂಬಣ್ಣದ್ದು 70 ಪಿಪಿಎಂ ದಾಟಿತ್ತು. ಬೀರುವಿನ ಅಚ್ಚಿನಲ್ಲಿ ಅದಕ್ಕಿಂತ ಕಡಿಮೆ, ಆದರೆ ಇತ್ತು. ಉಳಿದ ಎರಡರಲ್ಲಿ ಅವರ ಉಪಕರಣಕ್ಕೆ ಏನೂ ಸಿಗಲಿಲ್ಲ.

ಮುಂದೆ ಆದದ್ದು

ಆ ಕಾಗದ ಹಿಡಿದು ಯಜಮಾನರು ಮತ್ತೆ ಅಂಗಡಿಗೆ ಹೋದರು. ಜೊತೆಗೆ ಬೀರುವಿನ ಅಚ್ಚಿನ ತುಂಡನ್ನೂ ಒಯ್ದರು. ಅಂಗಡಿಯವರು ಬಹಳ ಹೊತ್ತು ಎರಡನ್ನೂ ನೋಡಿದರಂತೆ. ಜೇನುಬಣ್ಣದ ಬೆಲ್ಲ ತೆಗೆದುಕೊಳ್ಳಲು ಒಪ್ಪಿದರು. ಒಂದು ಷರತ್ತು ಹಾಕಿದರು: ಪ್ರತಿ ಪೆಟ್ಟಿಗೆಯ ಮೇಲೆ ಕಬ್ಬು ಕಡಿದ ದಿನ, ಅರೆದ ದಿನ, ಯಾವ ಗದ್ದೆ ಅಂತ ಬರೆದಿರಬೇಕು. ಇದು ನನಗೆ ತೋಚಿರಲಿಲ್ಲ. ಬಣ್ಣದ ಬದಲು ಕೊಳ್ಳುವವರು ನೋಡಬಹುದಾದ ಬೇರೆ ಏನನ್ನಾದರೂ ಕೊಡಬೇಕು ಅನ್ನುವುದನ್ನು ವ್ಯಾಪಾರ ಮಾಡುವವರೇ ಕಂಡುಕೊಂಡರು.

ಆಲೆಮನೆಯ ಪೂರ್ತಿ ಬೆಲ್ಲ ಹೀಗೆ ಬದಲಾಗಲಿಲ್ಲ. ಯಜಮಾನರು ಮಂಡಿಯಲ್ಲಿ ಮುಂಗಡ ತೆಗೆದುಕೊಂಡಿದ್ದರು. ಅದು ತೀರುವವರೆಗೆ ಅಲ್ಲಿಗೇ ಬೆಲ್ಲ ಹಾಕಬೇಕು, ಅಲ್ಲಿ ಕೇಳುವ ಬಣ್ಣದಲ್ಲೇ ಹಾಕಬೇಕು. ಪ್ರಯೋಗದಿಂದ ಸಾಲ ತೀರುವುದಿಲ್ಲ. ಮಂಡಿಗೆ ಹೋಗುವ ಪಾಕಕ್ಕೆ ಹೈಡ್ರೋಸ್ ಬೀಳುವುದು ಮುಂದುವರಿಯಿತು. ಆದರೆ ಹಿಡಿ ಹೋಗಿ ತಕ್ಕಡಿ ಬಂತು. ಆ ಪುಡಿಯನ್ನು ಬಟ್ಟೆ ಬಣ್ಣದ ಅಂಗಡಿಯಿಂದ ತರುವುದೂ ನಿಂತಿತು. ನನಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಅವರಿಗೂ ಹೇಳಿದೆ. "ಎರಡು ವರ್ಷ ಟೈಮ್ ಕೊಡಿ ಮೇಷ್ಟ್ರೇ" ಅಂದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಇದಕ್ಕಿಂತ ಬೇರೆ ಮಾಡುತ್ತಿದ್ದೆ ಅಂತ ಹೇಳುವ ಧೈರ್ಯ ನನಗಿಲ್ಲ.

ಕಾಲುವೆ ಕೊನೆಯ ಗದ್ದೆಯ ಕಬ್ಬನ್ನು ಈಗ ಬೇರೆಯಾಗಿಯೇ ಅರೆಯುತ್ತಾರೆ. ಯಾವ ಗದ್ದೆಯ ಕಬ್ಬು ಯಾವಾಗ ಬರಬೇಕು ಅನ್ನುವುದನ್ನು ಅಜ್ಜನನ್ನು ಕೇಳಿಯೇ ಗೊತ್ತುಮಾಡುತ್ತಾರೆ. ಘಾಟಿನಿಂದ ದೂರ ಇರಿ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ಹೈಡ್ರೋಸ್ ಹಾಕುವ ಹೊತ್ತಿಗೆ ಅವರು ಎದ್ದು ಹೊರಗೆ ಹುಣಸೆಮರದ ಕೆಳಗೆ ಕೂರುತ್ತಾರೆ. ಹೈಡ್ರೋಸ್ ಇಲ್ಲದ ದಿನ ಕೊಪ್ಪರಿಗೆ ಬಿಟ್ಟು ಕದಲುವುದಿಲ್ಲ.

ಮಕ್ಕಳಿಗೆ ಇನ್ನೊಂದು ಪ್ರಶ್ನೆ ಉಳಿದಿದೆ. ಹೈಡ್ರೋಸ್ ಬೆಲ್ಲ ಎಷ್ಟು ತಿಂಗಳಿಗೆ ಕಪ್ಪಾಗುತ್ತದೆ? ಹೈಡ್ರೋಸ್ ಇಲ್ಲದ್ದೂ ಅಷ್ಟೇ ಕಪ್ಪಾಗುತ್ತದಾ? ಬೀರುವಿನ ಒಂದೇ ಒಂದು ಅಚ್ಚು ನೋಡಿ ನಾವು ಅಷ್ಟು ದೊಡ್ಡ ಮಾತು ಆಡಿದೆವಲ್ಲ ಅಂತ ಅವತ್ತು ನೂರಕ್ಕೆ ಎಪ್ಪತ್ತೈದು ಅಂತ ಕೂಗಿದ ಹುಡುಗಿಯೇ ಕೇಳಿದಳು. ಸರಿಯಾದ ಮಾತು. ಈಗ ಎರಡೂ ಥರದ ಹನ್ನೆರಡು ಹನ್ನೆರಡು ತುಂಡುಗಳನ್ನು ದಿನಾಂಕ ಬರೆದು ಡಬ್ಬಿಗಳಲ್ಲಿ ಇಟ್ಟಿದ್ದಾರೆ. ಪ್ರತಿ ತಿಂಗಳ ಮೊದಲ ಸೋಮವಾರ ಒಂದೊಂದು ಜೋಡಿ ತೆಗೆದು, ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ಇಟ್ಟು ಫೋಟೋ ತೆಗೆಯುತ್ತಾರೆ. ನಾಲ್ಕು ಜೋಡಿ ತೆಗೆದಾಗಿದೆ. ಎಂಟು ಬಾಕಿ ಇವೆ.